ಅಕ್ಕಿ ಹಾಕಿದಾಗಲೇ ನಿಲ್ಲುತ್ತಿದ್ದ ಗ್ರೈಂಡರ್

ಸುನೀತಾ ಅಕ್ಕಿ ಹೆಚ್ಚು ಹಾಕಿರಲಿಲ್ಲ. ಗ್ರೈಂಡರಿಗೆ ಕರೆಂಟ್ ತರುವ ತಂತಿ ಸಡಿಲವಾಗಿತ್ತು. ನಡೆದದ್ದು ಅಷ್ಟೇ.

ಕಳೆದ ವರ್ಷ ನಾನು ಫರೀದಾಬಾದಿನ ಒಂದು ಇಡ್ಲಿಹಿಟ್ಟಿನ ಕಾರ್ಖಾನೆಯಲ್ಲಿ ರುಬ್ಬುವ ವಿಭಾಗ ನೋಡಿಕೊಳ್ಳುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಹಿಟ್ಟಿನ ಹದ ಗೊತ್ತಿದೆ ಎಂದು ಇಟ್ಟುಕೊಂಡಿದ್ದರು. ದೊಡ್ಡ ಗ್ರೈಂಡರಿಗೆ ಅಕ್ಕಿ ತುಂಬುವವಳು ಸುನೀತಾ. ಅದರ ಮೋಟಾರಿಗೆ ಒಂದು ಡ್ರೈವ್ ಇತ್ತು. ಡ್ರೈವ್ ಎಂದರೆ ಮೋಟಾರು ತಿರುಗಬೇಕಾದ ವೇಗಕ್ಕೆ ತಕ್ಕಂತೆ ಕರೆಂಟ್ ಕೊಡುವ ಪೆಟ್ಟಿಗೆ. ಬರುವ ವೋಲ್ಟೇಜ್ ತೀರಾ ಇಳಿದರೆ ಅದು ‘ಅಂಡರ್ ವೋಲ್ಟೇಜ್’ ಎಂದು ತೋರಿಸಿ ಮೋಟಾರನ್ನು ನಿಲ್ಲಿಸುತ್ತದೆ.

ಬೇಸಿಗೆಯಲ್ಲಿ ಅದು ಮತ್ತೆ ಮತ್ತೆ ನಿಲ್ಲತೊಡಗಿತು. ಖಾಲಿ ಇದ್ದರೆ ಓಡುತ್ತಿತ್ತು, ಸುನೀತಾ ಅಕ್ಕಿ ಹಾಕಿದೊಡನೆ ನಿಲ್ಲುತ್ತಿತ್ತು. ಅರ್ಧ ರುಬ್ಬಿದ ಹಿಟ್ಟು ಸೆಕೆಗೆ ಹುಳಿಯಾಗಿ ಚರಂಡಿಗೆ ಹೋಯಿತು. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಮೋಟಾರು ನಿಂತಿರುವಾಗ ಮೀಟರ್ ಇಟ್ಟು ನೋಡಿ, ಪೂರ್ತಿ ನಾನೂರ ಹದಿನೈದು ವೋಲ್ಟ್ ಇದೆ ಎಂದ.

“ಅಚ್ಛಾ, ಕರೆಂಟ್ ಸರಿ, ಮಶೀನ್ ಸರಿ. ಮತ್ತೆ ತಪ್ಪು ಯಾರದು?” ಎಂದರು ಮಾಲೀಕರು.

“ನನ್ನ ಮುಖ ಕಂಡ್ರೆ ಮಶೀನಿಗೆ ಆಗಲ್ಲ ಅನ್ಸುತ್ತೆ, ಸೇಠ್‌ಜೀ,” ಎಂದಳು ಸುನೀತಾ. ಯಾರೂ ನಗಲಿಲ್ಲ.

ಅವಳು ಅಕ್ಕಿ ಹೆಚ್ಚು ಹಾಕುವುದಿಲ್ಲ, ಅಳತೆ ಡಬ್ಬದಲ್ಲೇ ಹಾಕುತ್ತಾಳೆ ಎಂದು ನಾನು ಮಾಲೀಕರಿಗೆ ಹೇಳಿದೆ. “ಅಮ್ಮಾಜೀ, ನೀವು ಹಿಟ್ಟು ನೋಡ್ಕೊಳ್ಳಿ,” ಎಂದರು. ಸಂಜೆ ಅವಳನ್ನು ಕೆಲಸದಿಂದ ತೆಗೆದರು.

ಅವಳ ಜಾಗಕ್ಕೆ ಬಂದವಳು ಅಕ್ಕಿ ಹಾಕಿದಾಗಲೂ ಗ್ರೈಂಡರ್ ನಿಂತಿತು. ಆಗ ಗುರುಗ್ರಾಮದಿಂದ ಡ್ರೈವ್ ಇಂಜಿನಿಯರ್ ಇಮ್ರಾನನನ್ನು ಕರೆಸಿದರು. ನಮ್ಮ ಕಲಬುರಗಿ ಕಡೆಯವನು.

“ಅಜ್ಜಿ, ಅಕ್ಕಿ ಹಾಕ್ಸಿ. ಹೊರೆ ಬಿದ್ದಾಗ್ಲೇ ಅಳೀಬೇಕು,” ಎಂದ.

ಅಕ್ಕಿ ಬಿದ್ದಾಗ ಕರೆಂಟ್ ತರುವ ಮೂರು ತಂತಿಗಳಲ್ಲಿ ಒಂದರ ವೋಲ್ಟೇಜ್ ಕುಸಿಯಿತು. ಮೇನ್ ಸ್ವಿಚ್ಚಿನಲ್ಲಿ ಆ ತಂತಿ ಕೂತಿದ್ದ ಜಾಗ ಸುಟ್ಟು ಕಪ್ಪಾಗಿತ್ತು. ಜೋಡಣೆ ಸಡಿಲವಿದ್ದರೆ ಮೋಟಾರು ಜೋರಾಗಿ ಎಳೆದಾಗ ಮಾತ್ರ ವೋಲ್ಟೇಜ್ ಹೀಗೆ ಬೀಳುತ್ತದೆ ಎಂದ. ಸುಟ್ಟ ತುದಿ ಕತ್ತರಿಸಿ ಹೊಸದಾಗಿ ಬಿಗಿದ.

“ಸುನೀತಾನ್ನ ವಾಪಸ್ ಕರೀಲಾ?” ಎಂದು ಮಾಲೀಕರನ್ನು ಕೇಳಿದೆ.

“ಈಗ ಕರೆದ್ರೆ ತಲೆ ಮೇಲೆ ಕೂರ್ತಾಳೆ. ಬಿಡಿ.”

ನಿಂತ ಯಂತ್ರವನ್ನು ಅಳೆದು, ಅದನ್ನು ಓಡಿಸುವವರ ಮೇಲೆ ತಪ್ಪು ಹೊರಿಸಬಾರದು. ಈ ಕೆಲಸದಲ್ಲಿ ನಾನು ಕಲಿತದ್ದು ಇದು. ನಾನು ಕಲಿತದ್ದರಿಂದ ಸುನೀತಾಳಿಗೆ ಏನೂ ಪ್ರಯೋಜನವಾಗಲಿಲ್ಲ. ಅವಳಿಗೆ ಫೋನ್ ಮಾಡಿ ತಂತಿಯ ವಿಷಯ ಹೇಳಿದೆ.

“ಸೇಠ್ ಬಾ ಅಂದ್ರಾ?”

“ಇಲ್ಲ.”

“ಸರಿ ಅಮ್ಮಾ, ಫೋನ್ ಇಡ್ತೀನಿ.”

ಮರುದಿನ ಬೆಳಿಗ್ಗೆ ಹೊಸಬಳನ್ನು ಪಕ್ಕಕ್ಕೆ ನಿಲ್ಲಿಸಿ ಅಕ್ಕಿ ನಾನೇ ತುಂಬಿದೆ, ಸುನೀತಾ ತುಂಬುತ್ತಿದ್ದಷ್ಟೇ. ಗ್ರೈಂಡರ್ ನಿಲ್ಲಲಿಲ್ಲ.