ಹನ್ನೊಂದನೇ ಕ್ಲಾಸು ಎರಡು ಸಲ

ನನ್ನ ಗಂಡ ಶಾಲೆಯ ಚುನಾವಣೆಗೆ ನಿಂತದ್ದು ಮಕ್ಕಳ ಉದ್ಧಾರಕ್ಕೆ ಎಂದು ಇಲ್ಲಿಯ ಅರ್ಧಕ್ಕರ್ಧ ಕನ್ನಡಿಗರು ಈಗಲೂ ನಂಬಿದ್ದಾರೆ. ನಂಬಲಿ. ಅವರು ನೋಡುವುದು ಇಸ್ತ್ರಿ ಮಾಡಿದ ಅಂಗಿಯನ್ನು. ಇಸ್ತ್ರಿ ಮಾಡುವವಳು ನಾನು.

ಗಲ್ಫಿಗೆ ಬಂದ ಮೇಲೆ ನಮ್ಮಂಥವರಿಗೆ ಓಟು ಹಾಕುವ ಯೋಗವೇ ಇಲ್ಲ. ಊರಿನಲ್ಲಿ ಚುನಾವಣೆ ಬಂದಾಗ ರಜೆ ಸಿಗುವುದಿಲ್ಲ, ಇಲ್ಲಿಯ ಚುನಾವಣೆ ನಮ್ಮದಲ್ಲ. ಉಳಿದದ್ದು ಮಗಳ ಶಾಲೆಯೊಂದೇ. ಅದನ್ನು ನಡೆಸುವ ಸಮಿತಿಯನ್ನು ಪೋಷಕರೇ ಮೂರು ವರ್ಷಕ್ಕೊಮ್ಮೆ ಆರಿಸುತ್ತಾರೆ. ನಮ್ಮ ಮಗು ಅಲ್ಲಿ ಓದುತ್ತಿದ್ದರೆ ಓಟು ಹಾಕಬಹುದು, ಬೇಕಿದ್ದರೆ ನಿಲ್ಲಲೂಬಹುದು. ಮಗು ಶಾಲೆ ಬಿಟ್ಟರೆ ಅಪ್ಪನೂ ಸಮಿತಿ ಬಿಡಬೇಕು. ಈ ನಿಯಮ ಎಲ್ಲರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಒಳ್ಳೆಯ ನಿಯಮವೇ ಎಂದುಕೊಂಡಿದ್ದೆ.

ಗೆಲ್ಲಬೇಕಾದರೆ ಒಟ್ಟಿಗೆ ನಿಲ್ಲುವವರ ಒಂದು ಪ್ಯಾನೆಲ್ ಬೇಕು, ಪ್ಯಾನೆಲ್‌ನಲ್ಲಿ ಎಲ್ಲ ಭಾಷೆಯವರೂ ಇರಬೇಕು. ಮಲಯಾಳಿಗಳು ಜಾಸ್ತಿ, ಆಮೇಲೆ ತಮಿಳರು, ತೆಲುಗರು, ಕೊನೆಗೆ ಲೆಕ್ಕ ಭರ್ತಿಗೆ ಒಬ್ಬ ಕನ್ನಡಿಗ. ಒಗ್ಗರಣೆಗೆ ಕರಿಬೇವು ಬೇಕೇ ಬೇಕು, ಉಣ್ಣುವಾಗ ಮಾತ್ರ ಎತ್ತಿ ತಟ್ಟೆಯ ಬದಿಗೆ ಇಡುತ್ತಾರೆ. ಆ ಕರಿಬೇವನ್ನು ಹುಡುಕಿಕೊಂಡು ಮೂವರು ಮಾಹೂಝ್‌ನ ನಮ್ಮ ಫ್ಲಾಟಿಗೆ ಬಂದರು. ನಾನು ಸಲ್ಮಾನಿಯಾದಲ್ಲಿ ಆಸ್ಪತ್ರೆಯ ನರ್ಸು. ಡ್ಯೂಟಿ ಮುಗಿಸಿ ಆಗಷ್ಟೇ ಬಂದವಳು ಚಹಾ ಮಾಡಿ ಕೊಟ್ಟೆ. ನಮ್ಮವರು ಸಲ್ಮಾಬಾದಿನ ಒಂದು ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಅಲ್ಲಿಯ ಮುದೀರ್, ಅಂದರೆ ಮೇಲಿನ ಮ್ಯಾನೇಜರ್, ಇವರ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಫೋನು ಮಾಡಿದರೂ ‘ಯಾ ಸ್ಟೋರ್’, ಅಂದರೆ ‘ಏ ಸ್ಟೋರ್’ ಎಂದೇ. ಅಂಥ ಮನುಷ್ಯನನ್ನು ಆ ಸಂಜೆ ಮೂವರು ಮೂರು ಕಡೆಯಿಂದ ‘ಸರ್, ಸರ್’ ಎಂದರು. ಸೋಫಾದಲ್ಲಿ ಇವರ ಬೆನ್ನು ನೆಟ್ಟಗಾದದ್ದನ್ನು ನಾನು ಅಡುಗೆಮನೆಯ ಬಾಗಿಲಿನಿಂದ ನೋಡಿದೆ. ಪಾಪ ಎನಿಸಿತು. ಆ ಪಾಪವೆಲ್ಲ ಈಗ ಮುಗಿದಿದೆ.

ಪ್ರಚಾರಕ್ಕೆ ಇವರದೇ ಒಂದು ಘೋಷಣೆ ಹುಟ್ಟಿತು: ಇನ್ನು ಮುಂದೆ ವಾಸ್ತಾ ಇಲ್ಲ. ನಮ್ಮೂರಿನಲ್ಲಿ ವಶೀಲಿ ಎನ್ನುವುದಕ್ಕೆ ಇಲ್ಲಿ ವಾಸ್ತಾ ಎನ್ನುತ್ತಾರೆ. ಯಾರ ಮಗುವಿಗೂ ಶಿಫಾರಸಿನ ಮೇಲೆ ಸೆಕ್ಷನ್ ಬದಲಾಗುವುದಿಲ್ಲ, ಅಂಕ ಏರುವುದಿಲ್ಲ, ಬಸ್ಸು ಮನೆ ಬಾಗಿಲಿಗೆ ಬರುವುದಿಲ್ಲ. ಶುಕ್ರವಾರ ಬಂತೆಂದರೆ ಫ್ಲಾಟಿನಿಂದ ಫ್ಲಾಟಿಗೆ ಹತ್ತಿ ಇಳಿದು ಇದನ್ನೇ ಹೇಳಿದರು, ಕನ್ನಡದಲ್ಲಿ, ತುಳುವಿನಲ್ಲಿ, ಹರಕು ಹಿಂದಿಯಲ್ಲಿ. ಬ್ಯಾರಿ ಅಂಗಡಿಯವರು ಖರ್ಜೂರ ಕೊಟ್ಟು ಕೂರಿಸಿದರು, ಬೆಂಗಳೂರಿನ ಇಂಜಿನಿಯರುಗಳು ಇಂಗ್ಲಿಷಿನಲ್ಲಿ ಬೆನ್ನು ತಟ್ಟಿದರು. ಪ್ಯಾನೆಲ್ ಗೆದ್ದಿತು. ಇವರಿಗೆ ಶೈಕ್ಷಣಿಕ ವಿಭಾಗದ ಉಸ್ತುವಾರಿ ಸಿಕ್ಕಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಸನ್ಮಾನದ ಶಾಲನ್ನು ಹೆಗಲ ಮೇಲೆ ಹಾಕಿಕೊಂಡೇ ಕಾರು ಓಡಿಸಿ ಮನೆಗೆ ಬಂದರು.

ಆಗ ಮಗಳು ಹತ್ತನೇ ಕ್ಲಾಸು. ಅವಳೊಬ್ಬಳೇ ನಮಗೆ. ಹತ್ತು ಮುಗಿದ ಮೇಲೆ ಮಂಗಳೂರಿಗೆ ಹೋಗಿ ಪಿಯುಸಿ ಸೇರುವುದೆಂದು ಮೊದಲೇ ತೀರ್ಮಾನವಾಗಿತ್ತು. ಇಲ್ಲಿಯ ನಮ್ಮ ಕಡೆಯವರ ಮಕ್ಕಳಲ್ಲಿ ಬಹಳ ಜನ ಹಾಗೇ ಹೋಗುತ್ತಾರೆ. ಅವಳಿಗೆ ಅಕ್ಕಪಕ್ಕ ಒಬ್ಬಳೇ ಗೆಳತಿ. ಇಬ್ಬರೂ ಒಂದೇ ಕಾಲೇಜು, ಹಾಸ್ಟೆಲಿನಲ್ಲಿ ಒಂದೇ ಕೋಣೆ ಎಂದು ಯಾವ ಬಣ್ಣದ ಹೊದಿಕೆ ಎನ್ನುವವರೆಗೂ ಮಾತಾಡಿ ಮುಗಿಸಿದ್ದರು. ನನ್ನ ತಂಗಿ ಅಲ್ಲೇ ಇದ್ದಾಳೆ, ಭಾನುವಾರ ಊಟಕ್ಕೆ ಕರೆದುಕೊಂಡು ಹೋಗುತ್ತೇನೆಂದಿದ್ದಳು.

ಹತ್ತನೆಯ ಫಲಿತಾಂಶ ಬಂದ ವಾರ, ಕಾರಿನಲ್ಲಿ, ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಇವರು ಹೇಳಿದರು: “ಅವಳು ಹೋದ್ರೆ ನಾನು ರಿಸೈನ್ ಮಾಡ್ಬೇಕಾಗ್ತದೆ. ಜನ ಮೂರು ವರ್ಷಕ್ಕೆ ಅಂತ ಗೆಲ್ಸಿದ್ದು. ಜನರಿಗೆ ಮೋಸ ಮಾಡ್ಲಿಕ್ಕೆ ಆಗ್ತದಾ?”

“ಮಗಳಿಗೆ ಮಾಡ್ಲಿಕ್ಕೆ ಆಗ್ತದಾ?” ಎಂದೆ.

“ಎಂತ ಮೋಸ ಮಾರಾಯ್ತಿ? ಪ್ಲಸ್ ಟೂ ಇಲ್ಲೇ ಮಾಡ್ತಾಳೆ. ಡಿಗ್ರಿಗೆ ಹೋಗ್ಲಿ. ಹಾಸ್ಟೆಲ್ ಊಟ ತಿಂದು ಸಾಯೋದಕ್ಕಿಂತ ಒಳ್ಳೇದಲ್ವಾ?”

ಹಿಂದಿನ ಸೀಟಿನಲ್ಲಿ ಮಗಳು ಕಿಟಕಿಯ ಕಡೆ ತಿರುಗಿದಳು. ಗೆಳತಿ ಮೇ ತಿಂಗಳಲ್ಲಿ ಹೋದಳು. ಇವಳು ಹನ್ನೊಂದನೇ ಕ್ಲಾಸಿಗೆ ಹೋದಳು.

ಸಮಿತಿಯವರ ಮಗಳಾಗಿ ಓದುವುದೆಂದರೆ ಏನೆಂದು ಆ ವರ್ಷ ನನಗೆ ತಿಳಿಯಿತು. ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಅವಳಿಗೆ ‘ಮ್ಯಾನೇಜ್‌ಮೆಂಟ್’ ಎಂದು ಹೆಸರಿಟ್ಟರು. ಸಮಿತಿ ಬಸ್ಸುಗಳ ದಾರಿ ಬದಲಿಸಿ, ಕೆಲವು ಮಕ್ಕಳು ಕತ್ತಲಿರುವಾಗಲೇ ಏಳುವ ಹಾಗಾಯಿತು. ಅವರು ಸಮಿತಿಗೆ ಏನು ಮಾಡಿಯಾರು? ಇವಳ ಟಿಫಿನ್ ಡಬ್ಬಿಯನ್ನು ಕಸದ ತೊಟ್ಟಿಗೆ ಸುರಿದು, ನಲ್ಲಿಯಲ್ಲಿ ತೊಳೆದು, ಒರೆಸಿ, ಬ್ಯಾಗಿನಲ್ಲಿ ವಾಪಸ್ ಇಡುತ್ತಿದ್ದರು. ದಿನಾ. ಡಬ್ಬಿ ತೊಳೆದು ತರುವ ಮಗಳು ಎಂದು ನಾನು ಆಸ್ಪತ್ರೆಯಲ್ಲಿ ಹೊಗಳಿಕೊಂಡಿದ್ದೆ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಮಕ್ಕಳ ಮೈ ನೋಡಿ ಚಾರ್ಟು ಬರೆಯುವವಳು ನಾನು. ನನ್ನ ಮಗಳ ಕುತ್ತಿಗೆಯ ಮೂಳೆ ಕಾಣತೊಡಗಿದ ಮೇಲೆ ವಿಷಯ ತಿಳಿಯಿತು. ಇವರಿಗೆ ಹೇಳಿದೆ.

“ಕಂಪ್ಲೇಂಟ್ ಮಾಡಿದ್ರೆ ವಾಸ್ತಾ ಅಂತಾರೆ,” ಎಂದರು. ಕ್ಯಾಂಟೀನಿನಲ್ಲಿ ತಿನ್ನಲು ಅವಳಿಗೆ ಸ್ವಲ್ಪ ದುಡ್ಡು ಕೊಟ್ಟರು.

ಮಾರ್ಚ್‌ನಲ್ಲಿ ಅವಳು ಫಿಸಿಕ್ಸಿನಲ್ಲಿ ಫೇಲಾದಳು. ಮರುಪರೀಕ್ಷೆಯಲ್ಲಿ ಎರಡು ಅಂಕ ಕಡಿಮೆ. ಹನ್ನೊಂದರ ಪರೀಕ್ಷೆ ಬೋರ್ಡಿನದಲ್ಲ, ಶಾಲೆಯದೇ. ಒಂದೆರಡು ಅಂಕಕ್ಕೆ ನಿಂತವರನ್ನು ಕೃಪಾಂಕ ಕೊಟ್ಟು ಮುಂದಕ್ಕೆ ದೂಡುವುದು ಮೊದಲಿನಿಂದ ನಡೆದು ಬಂದ ಪದ್ಧತಿ. ಆ ಸಲವೂ ಅಂಥ ಮಕ್ಕಳು ಕೆಲವರಿದ್ದರು. ಪ್ರಿನ್ಸಿಪಾಲರೇ ಎಲ್ಲರ ಹೆಸರನ್ನೂ ಸಮಿತಿಯ ಮುಂದಿಟ್ಟರು, ಇವಳದೂ ಸೇರಿ. ಯಾರೂ ತುಟಿ ಎರಡು ಮಾಡಲಿಲ್ಲ. ಇವರೊಬ್ಬರೇ ಎದ್ದು ನಿಂತರು.

“ಉಳಿದ ಮಕ್ಕಳಿಗೆ ಕೊಡಿ. ನನ್ನ ಮಗಳಿಗೆ ಬೇಡ. ಅವಳು ಇನ್ನೊಂದು ವರ್ಷ ಕೂತು ಓದ್ಲಿ. ನಾಳೆ ಯಾರೂ ಬೆರಳು ತೋರಿಸ್ಬಾರದು.”

ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ನನಗೆ ಇದು ಗೊತ್ತಾದದ್ದು ಆಸ್ಪತ್ರೆಯಲ್ಲಿ, ವಾಟ್ಸ್ಯಾಪಿನಲ್ಲಿ. ಪೋಷಕರ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಮೇಲಿಂದ ಮೇಲೆ ಬೀಳುತ್ತಿದ್ದವು. ‘ನ್ಯಾಯ ಎಂದರೆ ಇದು’ ಎಂದು ಒಬ್ಬರು, ‘ಕನ್ನಡಿಗರ ಹೆಮ್ಮೆ’ ಎಂದು ಇನ್ನೊಬ್ಬರು. ನನ್ನ ಮಗಳು ಫೇಲಾದದ್ದಕ್ಕೆ ನನ್ನನ್ನು ಅಭಿನಂದಿಸಲು ಮೂರು ಹೆಂಗಸರು ಫೋನು ಮಾಡಿದರು. ಮಗಳು ಕೂಡ ಅದೇ ಗುಂಪಿನಿಂದ ತಿಳಿದುಕೊಂಡಿದ್ದಳು. ಕ್ಲಾಸಿನ ಯಾರೋ ಅದನ್ನು ಅವಳಿಗೆ ಕಳಿಸಿದ್ದರು, ನಗುವ ಮುಖಗಳ ಸಮೇತ.

ಮನೆಗೆ ಬಂದಾಗ ಅವಳು ಕೋಣೆಯಲ್ಲಿ ಕುಳಿತಿದ್ದಳು. ಅತ್ತಿರಲಿಲ್ಲ. “ಮಮ್ಮಿ, ಹೇಗೂ ಒಂದು ಇಯರ್ ಹೋಯ್ತಲ್ಲ,” ಎಂದಳು. “ಇಲ್ಲಿ ಇಲೆವೆಂತ್ ಪುನಃ ಮಾಡೋದೂ ಒಂದೇ, ಅಲ್ಲಿ ಫಸ್ಟ್ ಪಿಯು ಸೇರೋದೂ ಒಂದೇ ಅಲ್ವಾ? ಈಗ್ಲಾದ್ರೂ ಕಳಿಸ್ತೀರಾ?”

ಎಷ್ಟು ಸರಿಯಾದ ಮಾತು. ಅದರಲ್ಲಿ ಯಾರಿಗೂ ನಷ್ಟವಿರಲಿಲ್ಲ. ಅವಳಿಗೆ ಬೇಕಾದದ್ದು ಆ ಶಾಲೆಯಿಂದ ಹೊರಗೆ ಕಾಲಿಡುವುದು, ಅಷ್ಟೇ. ಮಂಗಳೂರಿಗೆ ಫೋನು ಮಾಡಿದೆ, ತಂಗಿ ಮರುದಿನವೇ ಕಾಲೇಜಿಗೆ ಹೋಗಿ ಕೇಳಿ ಬಂದಳು. ಜಾಗವಿತ್ತು. ಇವರಿಗೆ ಊಟ ಬಡಿಸುತ್ತ ಹೇಳಿದೆ. ‘ಬೇಡ’ ಎಂದರು. ಕಾರಣ ಕೇಳಿದೆ, ಅವರು ಹಪ್ಪಳ ತೆಗೆದುಕೊಂಡರು. ಆಗ ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಇವರ ಅವಧಿ ಮುಗಿಯುವುದು ಮುಂದಿನ ವರ್ಷದ ಡಿಸೆಂಬರಿನಲ್ಲಿ. ಅವಳು ಪಾಸಾಗುತ್ತ ಹೋಗಿದ್ದರೆ ಅದಕ್ಕೆ ಮೊದಲಿನ ಮಾರ್ಚ್‌ನಲ್ಲೇ ಶಾಲೆ ಮುಗಿಸಿ ಹೊರಬೀಳುತ್ತಿದ್ದಳು, ಇವರೂ ಹೊರಬೀಳುತ್ತಿದ್ದರು. ಒಂದು ವರ್ಷ ಹಿಂದೆ ಬಿದ್ದರೆ ಅವಧಿ ಪೂರ್ತಿ, ಮೇಲಿಂದ ಮುಂದಿನ ಚುನಾವಣೆಗೂ ನಿಲ್ಲಬಹುದು.

“ಅದಕ್ಕಾ?” ಎಂದೆ.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಸಾರು ಹಾಕಿಕೊಂಡರು. “ನಾನು ಮಾಡಿದ್ದು ನ್ಯಾಯವೇ. ನ್ಯಾಯದ ಒಟ್ಟಿಗೆ ನಮ್ಗೂ ಸ್ವಲ್ಪ ಒಳ್ಳೇದಾದ್ರೆ ತಪ್ಪು ಎಂತ ಉಂಟು ಅದ್ರಲ್ಲಿ?”

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಮಾರಿ ಎಂದರೆ ಕೂಗಾಡುವುದು, ಬಡಿಯುವುದು ಎಂದು ಎಣಿಸಿದ್ದೆ. ಹೀಗೆ ಹಪ್ಪಳ ಮುರಿಯುತ್ತ ಮೆತ್ತಗೆ ಮಾತಾಡುವುದು ಎಂದು ಗೊತ್ತಿರಲಿಲ್ಲ. ಆ ಹೊತ್ತು ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ, ಹೇಸಿಗೆಯಾಯಿತು.

ಮರುದಿನ ರಜೆ ಹಾಕಿ ಶಾಲೆಯ ಆಫೀಸಿಗೆ ಹೋಗಿ ಟಿಸಿ ಕೇಳಿದೆ. ಅಲ್ಲಿಯ ಗುಮಾಸ್ತೆ ನನ್ನನ್ನು ನೋಡಿ ಎದ್ದು ನಿಂತಳು, ಕುರ್ಚಿ ತರಿಸಿದಳು, ನೀರು ತರಿಸಿದಳು. ಆಮೇಲೆ ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ ಹೇಳಿದಳು, ಮಗು ತಂದೆಯ ವೀಸಾದಲ್ಲಿದೆ, ಇಲ್ಲಿ ದಾಖಲಾಗಿರುವುದೂ ತಂದೆಯ ಹೆಸರಿನಲ್ಲೇ, ಹಾಗಾಗಿ ಸರ್ ಅವರ ಸಹಿ ಬೇಕು. ನಾನು ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಇವರ ಫೋನು ಬಂತು. ‘ಮರ್ಯಾದೆ ತೆಗೀತೀಯಾ?’ ಎಂದರು. ಇಟ್ಟುಬಿಟ್ಟರು.

ಅವಳು ತನಗಿಂತ ಚಿಕ್ಕವರ ನಡುವೆ ಕುಳಿತು ಅದೇ ಪುಸ್ತಕಗಳನ್ನು ಮತ್ತೆ ಓದಿದಳು. ಹಿಂದಿನ ಸಾಲಿನ ಮೂಲೆಯಲ್ಲಿ, ಒಬ್ಬಳೇ. ಡಬ್ಬಿಯನ್ನು ಈಗ ಯಾರೂ ಸುರಿಯುತ್ತಿರಲಿಲ್ಲ. ಅಪ್ಪನೇ ಬಡಿದವಳಿಗೆ ತಾವೇನು ಬಡಿಯುವುದು ಎಂದು ಮಕ್ಕಳಿಗೂ ಅನಿಸಿರಬೇಕು. ಆ ಸಲ ಚೆನ್ನಾಗಿ ಪಾಸಾದಳು. ಹನ್ನೆರಡಕ್ಕೆ ಬಂದಳು. ಅಷ್ಟರಲ್ಲಿ ಗೆಳತಿ ಪಿಯುಸಿ ಮುಗಿಸಿ ಬಿಕಾಂ ಸೇರಿದ್ದಳು. ಮೊದಲು ದಿನಕ್ಕೊಂದು ಬರುತ್ತಿದ್ದ ಅವಳ ಫೋನು ಹಬ್ಬಕ್ಕೊಂದಾಗಿ, ಆಮೇಲೆ ಅದೂ ನಿಂತಿತು.

ಚುನಾವಣೆ ಬಂತು. ಈ ಸಲ ಇವರನ್ನು ಹುಡುಕಿಕೊಂಡು ಬರಬೇಕಾದ ಅಗತ್ಯವಿರಲಿಲ್ಲ, ಪ್ಯಾನೆಲ್‌ನಲ್ಲಿ ಇವರದೇ ಮೊದಲ ಹೆಸರು. ಪ್ರಚಾರಸಭೆಗೆ ಮಗಳನ್ನು ಕರೆದುಕೊಂಡು ಬರಬೇಕೆಂದು ಪ್ಯಾನೆಲ್‌ನವರು ಹೇಳಿದರು. ಹೋಗಬೇಡ ಎಂದೆ. “ಇಟ್ಸ್ ಓಕೆ ಮಮ್ಮಿ,” ಎಂದು ನನ್ನ ಒಂದು ಸೀರೆ ಕೇಳಿ ಉಟ್ಟುಕೊಂಡಳು. ಸಭೆಯಲ್ಲಿ ಮೈಕು ಹಿಡಿದವನು ಅವಳನ್ನು ವೇದಿಕೆಗೆ ಕರೆದು, ‘ಎರಡು ಅಂಕಕ್ಕಾಗಿ ಸ್ವಂತ ಮಗಳನ್ನೇ ಬಿಟ್ಟುಕೊಡದ ನಾಯಕ’ ಎಂದು ಬಾಯಿತಪ್ಪಿ ಹೇಳಿ, ‘ಬಿಟ್ಟುಕೊಟ್ಟ ನಾಯಕ’ ಎಂದು ತಿದ್ದಿಕೊಂಡ. ಯಾರೂ ನಗಲಿಲ್ಲ. ಅವಳು ಕೈಮುಗಿದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಎರಡನೇ ಸಾಲಿನಲ್ಲಿ ಕುಳಿತೇ ಇದ್ದೆ. ಪಕ್ಕದವಳು ನನ್ನ ಮೊಣಕೈ ತಟ್ಟಿ, “ಏಳಿ ಅಕ್ಕ, ಎಲ್ರೂ ಎದ್ದಿದ್ದಾರೆ,” ಎಂದಳು. ಏಳಲಿಲ್ಲ.

ಇವರು ಗೆದ್ದರು. ಹಿಂದಿನ ಸಲಕ್ಕಿಂತ ಹೆಚ್ಚು ಓಟು. ಬೋರ್ಡ್ ಪರೀಕ್ಷೆಗೆ ಆಗ ಎರಡು ತಿಂಗಳಿತ್ತು. ಅದನ್ನು ಬರೆದು ಪಾಸಾದರೆ ಅವಳ ಶಾಲೆ ಮುಗಿಯುತ್ತದೆ, ಹೊಸ ಅವಧಿಯ ಮೊದಲ ವರ್ಷವೂ ತುಂಬದೆ ಇವರದೂ ಮುಗಿಯುತ್ತದೆ. ಅದು ಇವರಿಗೆ ಗೊತ್ತಿರಲಿಲ್ಲ ಎಂದಲ್ಲ. ಗೆದ್ದ ಹುರುಪಿನಲ್ಲಿ ಆ ಕಡೆ ನೋಡಿರಲಿಲ್ಲ.

ಮರುದಿನ ಮಧ್ಯಾಹ್ನ ಮೂವರೂ ಊಟಕ್ಕೆ ಕುಳಿತಿದ್ದೆವು. ಬಂಗುಡೆ ಸಾರು ಮಾಡಿದ್ದೆ. ಇವರು ಫೋನಿನಲ್ಲಿ ಅಭಿನಂದನೆಗಳನ್ನು ಓದಿ ಓದಿ ಹೇಳುತ್ತಿದ್ದರು. ಮಗಳು ಮೀನಿನ ಮುಳ್ಳು ಬಿಡಿಸಿ ತಟ್ಟೆಯ ಅಂಚಿಗಿಟ್ಟು ಕೇಳಿದಳು:

“ಪಪ್ಪ, ನಿಮ್ಗೆ ಇನ್ನು ಎಷ್ಟು ವರ್ಷ ಬೇಕು? ಈಗ್ಲೇ ಹೇಳಿ. ಅಷ್ಟು ಸಲ ಫೇಲ್ ಆಗ್ತೇನೆ.”

ಕೊಂಕಿಗೆ ಕೇಳಿದ್ದಲ್ಲ. ಅವಳ ದನಿಯಲ್ಲಿ ಕೋಪವೂ ಇರಲಿಲ್ಲ. ಅಂಗಡಿಗೆ ಹೊರಟವಳು ಏನು ತರಲಿ ಎಂದು ಕೇಳುವಂತೆ ಕೇಳಿದಳು. ಅವಳಿಗೆ ಆಗ ಹದಿನೆಂಟು ತುಂಬಿತ್ತು.

ಇವರು ಫೋನು ಕೆಳಗಿಟ್ಟರು. ಛೆ ಎನ್ನುತ್ತಾರೆ, ಬೈಯುತ್ತಾರೆ, ಕೊನೆಗೆ ನಕ್ಕಾದರೂ ಬಿಡುತ್ತಾರೆ ಎಂದು ಕಾದೆ. ಕಲಸಿದ ಅನ್ನ ಬೆರಳಲ್ಲೇ ನಿಂತಿತ್ತು, ಕಣ್ಣು ಗೋಡೆಯ ಮೇಲಿತ್ತು. ಅವರು ನಿಜವಾಗಿಯೂ ಯೋಚಿಸುತ್ತಿದ್ದರು. ನಾನು ನೋಡಿದೆ. ಅವಳೂ ನೋಡಿದಳು.