ಇಂದುಮತಿ ಬಾಯಿಯವರ ಕಂದು ಬಾಟಲಿಗಳು

ಇಂದುಮತಿ ಬಾಯಿಯವರು ನಮ್ಮ ಮೂತ್ರದ ಬಾಟಲಿಗಳನ್ನು ಹಾಸ್ಟೆಲಿನಿಂದ ಪ್ರಯೋಗಾಲಯಕ್ಕೆ ತಾವೇ ಹೊತ್ತು ನಡೆಯುತ್ತಿದ್ದರು. ಕಾಲೇಜಿನ ಸಿಪಾಯಿ ಅವನ್ನು ಮುಟ್ಟಲು ಒಪ್ಪಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಸೀರೆ, ಎತ್ತಿ ಕಟ್ಟಿದ ತುರುಬು, ಎರಡೂ ಕೈಯಲ್ಲಿ ಕಂದು ಗಾಜಿನ ಬಾಟಲಿಗಳ ಚೀಲ. ಹುಡುಗರು ಸೈಕಲ್ ನಿಲ್ಲಿಸಿ ಏನೇನೋ ಹೆಸರಿಟ್ಟು ಕೂಗುತ್ತಿದ್ದರು. ಬಾಯಿಯವರು ತಿರುಗಿಯೂ ನೋಡುತ್ತಿರಲಿಲ್ಲ. ಹಿಂದೆ ಬರುವ ನಾವು ಸೆರಗಿನಿಂದ ಮುಖ ಮರೆಸಿಕೊಳ್ಳುತ್ತಿದ್ದೆವು.

ಅರವತ್ತರ ದಶಕದ ಮೊದಲ ವರ್ಷಗಳು. ಕೊಲ್ಲಾಪುರದ ಕಾಲೇಜೊಂದರಲ್ಲಿ ಅವರು ನಮಗೆ ಶರೀರಶಾಸ್ತ್ರ ಕಲಿಸುತ್ತಿದ್ದರು. ಮನಸ್ಸು ಕಂಗೆಟ್ಟಾಗ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿ ರಕ್ತಕ್ಕೆ ಒಂದು ಹಾರ್ಮೋನನ್ನು ಬಿಡುತ್ತದೆ, ಅದರ ಗುರುತು ಮೂತ್ರದಲ್ಲಿ ಸಿಗುತ್ತದೆ ಎಂದು ಹೇಳಿದ್ದರು. ಪರೀಕ್ಷೆಯ ದಿನದ್ದೊಂದು, ರಜೆಯಲ್ಲಿ ಮನೆಯಲ್ಲಿ ಕಳೆದ ದಿನದ್ದೊಂದು, ಹೀಗೆ ಅವರ ಸಂಶೋಧನೆಗೆ ಇಡೀ ದಿನದ್ದನ್ನು ಬಾಟಲಿಯಲ್ಲಿ ಸೇರಿಸಿ ಕೊಡಬೇಕಿತ್ತು. ಜೊತೆಗೆ, ಕಷ್ಟ ಬಂದರೆ ಏನು ಮಾಡುತ್ತೀಯಾ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಒಬ್ಬಳು ರಂಕಾಳ ಕೆರೆಯ ಸುತ್ತ ನಡೆಯುತ್ತೇನೆಂದಳು, ಇನ್ನೊಬ್ಬಳು ಅಳುತ್ತೇನೆಂದಳು. ನಾನು ಯಾರಿಗೂ ಹೇಳುವುದಿಲ್ಲ ಎಂದೆ. ಬಾಯಿಯವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು.

ನಮ್ಮ ಮನೆ ಇಚಲಕರಂಜಿಯಲ್ಲಿ. ಅಪ್ಪ ಬೆಳಗಾವಿ ಕಡೆಯ ಹಳ್ಳಿಯಿಂದ ಬಂದು ಪವರ್‌ಲೂಮಿನಲ್ಲಿ ದುಡಿಯುತ್ತಿದ್ದ. ಸಾಲು ಖೋಲಿಗಳಿಗೆಲ್ಲ ಸೇರಿ ಒಂದೇ ಪಾಯಖಾನೆ. ರಜೆಯಲ್ಲಿ ಬಾಟಲಿ ತುಂಬಬೇಕಿದ್ದ ಭಾನುವಾರ ದಿನವಿಡೀ ಅದನ್ನು ಸೆರಗಿನಡಿ ಹಿಡಿದು ಹೋಗಿಬಂದದ್ದನ್ನು ಓಣಿಯೆಲ್ಲ ನೋಡಿತು. ಅದೇ ಮಧ್ಯಾಹ್ನ ಮುರಗೂಡಿನಿಂದ ನನ್ನನ್ನು ನೋಡಲು ಗಂಡಿನವರು ಬಂದರು. ನನಗೆ ಮೊದಲೇ ತಿಳಿಸಿರಲಿಲ್ಲ. ನಡೆಯಲು ಹೇಳಿದರು, ನಡೆದೆ. ಚಹಾ ಕೊಡಲು ಹೇಳಿದಾಗ ಕಪ್ಪು-ಬಸಿ ಖಟಖಟ ಎಂದವು. ಎಷ್ಟು ಬಿಗಿಹಿಡಿದರೂ ಕೈ ನಿಲ್ಲಲಿಲ್ಲ. ಹುಡುಗಿಗೆ ನಡುಕದ ರೋಗವಿದೆ, ಅದಕ್ಕೇ ಕಾಲೇಜಿನವರು ಮೂತ್ರ ತಪಾಸಣೆ ಮಾಡುತ್ತಾರೆ ಎಂದು ಅವರು ಹೇಳಿ ಕಳಿಸಿದರು. ಅವ್ವ ಆಮೇಲೆ ಓಣಿಯ ನಳಕ್ಕೆ ನೀರಿಗೆ ಹೋಗುವುದನ್ನೇ ಬಿಟ್ಟಳು. ನನ್ನಿಂದ ಅವಳು ತಲೆ ತಗ್ಗಿಸುವಂತಾಯಿತು ಎಂಬ ನಾಚಿಕೆಯನ್ನು ಹಾಸ್ಟೆಲಿಗೂ ಹೊತ್ತುಕೊಂಡೇ ಹೋದೆ.

ಕೆಲವು ದಿನಗಳ ಮೇಲೆ ಬಾಯಿಯವರು ನನ್ನೊಬ್ಬಳನ್ನೇ ಪ್ರಯೋಗಾಲಯಕ್ಕೆ ಕರೆದರು. ಕಾಲೇಜಿನಲ್ಲಿ ಮರಾಠಿ ಬಿಟ್ಟು ಬೇರೆ ಆಡದ ಅವರು ಅಂದು ಕನ್ನಡದಲ್ಲಿ ಮಾತಾಡಿದರು. ಅವರ ತವರು ಗಡಹಿಂಗ್ಲಜ ಎಂಬುದು ನನಗೆ ತಿಳಿದದ್ದೇ ಆಗ.

"ಪರೀಕ್ಷಾದಕಿಂತ ಮನ್ಯಾಗಿನ ದಿನಾನ ನಿನ್ನ ಲೆಕ್ಕ ಏರೇತಿ. ಒಂದ ಬಾಟಲಿ ನೋಡಿ ಏನೂ ಹೇಳಾಕ ಬರೂದಿಲ್ಲ. ನೀನ ಹೇಳಬೇಕು."

ಮುಚ್ಚಿಟ್ಟದ್ದನ್ನು ಮೈಯೇ ಆಡಿಬಿಟ್ಟಿತೆಂದು ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ತಲೆ ಎತ್ತದೆ ಎಲ್ಲ ಹೇಳಿದೆ. ಅವರು ಬಾಟಲಿಯನ್ನು ಬದಿಗಿಟ್ಟರು.

"ನನ್ನೂ ಹಿಂಗ ಕುಂಡ್ರಿಸಿ ನೋಡಿದ್ರು. ನಾ ಒಟ್ಟ ನಡಗಲಿಲ್ಲ. ಹುಡಿಗಿ ಭಾಳ ಬಿರುಸ ಅದಾಳಂತ ಬಿಟ್ಟು ಹೋದ್ರು. ಅಂಜಿಕಿ ಮೈಯಾಗಿಂದವ್ವಾ, ನಡತಿಯಾಗಿಂದಲ್ಲ. ಅದಕ್ಕ್ಯಾಕ ನಾಚತಿ?"

ನಾಚಿಕೆ ಹೋಗಲಿಲ್ಲ. ಆದರೆ ಅದನ್ನು ಹೊರಲು ಇನ್ನೊಬ್ಬರು ಸಿಕ್ಕಂತಾಯಿತು.

ಮರುವಾರ ಅಪ್ಪ ಕಾಲೇಜಿಗೆ ಬಂದ. ಗಿರಣಿಯ ಹತ್ತಿಯ ಎಳೆಗಳು ಅವನ ಟೋಪಿಗೆ ಇನ್ನೂ ಅಂಟಿಕೊಂಡಿದ್ದವು. ಪ್ರಿನ್ಸಿಪಾಲರ ಕೋಣೆಯಲ್ಲಿ ಕೈಜೋಡಿಸಿ ನಿಂತು, ಈ ಬಾಟಲಿಯಿಂದ ನನ್ನ ಮಗಳ ಲಗ್ನ ಮುರಿಯಿತು ಎಂದ. ಅವನ ಧ್ವನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು. ಬಾಯಿಯವರನ್ನೂ ನನ್ನನ್ನೂ ಕರೆಸಿದರು. ಇದು ನಮ್ಮ ಸಂಸ್ಥೆಗೆ ಶೋಭಿಸದು ಎಂದರು ಪ್ರಿನ್ಸಿಪಾಲರು. ನಾನು ಹರಕುಮುರುಕು ಮರಾಠಿಯಲ್ಲಿ, ನನ್ನ ಇಚ್ಛೆಯಿಂದಲೇ ಕೊಟ್ಟೆ, ಲಗ್ನ ಮುರಿದದ್ದು ಬೇರೆಯದಕ್ಕೆ ಎಂದು ಶುರುಮಾಡಿದೆ. ಕೈ ಮತ್ತೆ ನಡುಗಿತು. ಎಲ್ಲರ ಕಣ್ಣು ಅದರ ಮೇಲೆ.

ಬಾಯಿಯವರು ನನ್ನ ಮುಂದೆ ಬಂದು ನಿಂತರು. "ಸುಮ್ಮನಿರು. ಇನ್ನೊಮ್ಮೆ ಗಂಡಸರ ಮುಂದ ನಿಂತು ತೋರಸೂದು ಬ್ಯಾಡ," ಎಂದು ಕನ್ನಡದಲ್ಲಿ ಹೇಳಿದರು. ಆಮೇಲೆ ಮರಾಠಿಯಲ್ಲಿ, ಕೆಲಸ ಇವತ್ತಿಗೇ ನಿಲ್ಲಿಸುತ್ತೇನೆ, ಈ ಹುಡುಗಿಯ ಕಲಿಕೆ ಮಾತ್ರ ನಿಲ್ಲಿಸಬಾರದು ಎಂದರು. ಅಪ್ಪನಿಗೆ ಎರಡೂ ಮಾತು ತಿಳಿದವು. ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಲಗ್ನದ ಮಾತು ಅವನು ನನ್ನ ಬಿ.ಎಸ್ಸಿ. ಮುಗಿಯುವವರೆಗೆ ಎತ್ತಲಿಲ್ಲ. ಬಾಯಿಯವರು ಆ ವರ್ಷದ ಕೊನೆಗೆ ಕೊಲ್ಲಾಪುರ ಬಿಟ್ಟರು.

ಅವರನ್ನು ಕೊನೆಯ ಸಲ ಕಂಡದ್ದು ಹಾತಕಣಂಗಲೆ ಸ್ಟೇಷನ್ನಿನಲ್ಲಿ. ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವರ ಕೂದಲು ಬೆಳ್ಳಗಾಗಿತ್ತು. ಮದುವೆಯಾಯಿತೇ, ಮಕ್ಕಳೆಷ್ಟು ಎಂದು ಅವರು ಕೇಳಲಿಲ್ಲ. "ನಿದ್ದಿ ಚಲೋ ಬರತೈತೇನು?" ಎಂದರು. ಬರುತ್ತದೆ ಎಂದೆ. ನಿಮಗೆ, ಎಂದು ತಿರುಗಿ ಕೇಳಿದೆ.

"ಇದನ್ನ ನನ್ನ ಯಾರೂ ಕೇಳಿದ್ದಿಲ್ಲ ನೋಡು," ಎಂದು ನಕ್ಕರು. ಅಷ್ಟರಲ್ಲಿ ಮಿರಜದ ಗಾಡಿ ಬಂತು. ಜನರ ನೂಕುನುಗ್ಗಲಿನಲ್ಲಿ ಹತ್ತಿ ಕಿಟಕಿಯ ಬಳಿ ಕುಳಿತರು. ಗಾಡಿ ಹೊರಟಿತು. ನಾನು ಉತ್ತರಕ್ಕಾಗಿ ಅವರ ಮುಖವನ್ನೇ ನೋಡುತ್ತ ಪ್ಲಾಟ್‌ಫಾರ್ಮಿನ ತುದಿಯವರೆಗೂ ನಡೆದೆ.