ಎರಡನೆಯ ಪುಡಿಯ ಸೇವಂತಿಗೆ

ಚೆಂದವಾಗಿರುವುದನ್ನು ಕಂಡರೆ ನನಗೆ ಮೊದಲು ಬರುವುದು ಅನುಮಾನ. ಇದು ಅಜ್ಜಿಯ ಬಳುವಳಿ. ಗಂಗಾನಗರದಲ್ಲಿ ಬಸ್ಸಿಗಿಂತ ಎಮ್ಮೆಗಳೇ ಹೆಚ್ಚಿದ್ದ ಕಾಲದಿಂದ ಅಲ್ಲಿದ್ದವಳು ಅವಳು. ಗಾಡಿಯವನು ಮೇಲೆ ಜೋಡಿಸಿಟ್ಟ ಬದನೆಕಾಯಿಯನ್ನು ಒಂದು ದಿನವೂ ಕೊಂಡವಳಲ್ಲ, ಕೈ ಹಾಕಿ ಅಡಿಯದನ್ನೇ ಎಳೆಯುತ್ತಿದ್ದಳು. "ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ" ಎನ್ನುತ್ತಿದ್ದಳು. ನನಗೆ ಸಿಕ್ಕ ಕೆಲಸವೂ ಈ ಬುದ್ಧಿಗೆ ತಕ್ಕಂತೆಯೇ ಇತ್ತು.

ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ನಡೆಸುವವಳು ನಾನು. ಸಂಶೋಧನೆಯ ಹುಡುಗ ಹುಡುಗಿಯರು ತಾವು ಮಾಡಿದ ಪುಡಿಗಳನ್ನು ತರುತ್ತಾರೆ. ಕಣ್ಣಿಗೆ ಅದು ಬರೀ ಮೈದಾ ಹಿಟ್ಟು. ಯಂತ್ರದೊಳಗಿಟ್ಟು ಸಾವಿರಾರು ಪಟ್ಟು ದೊಡ್ಡದು ಮಾಡಿದರೆ ಅದೇ ಹಿಟ್ಟಿನಲ್ಲಿ ಸೂಜಿ, ಹರಳು, ಜೇನುಗೂಡು, ಹೂವು. ಇಷ್ಟು ವರ್ಷ ನೋಡಿದರೂ ಬೇಸರ ಬಂದಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಇಡೀ ಪುಡಿ ಹಾಗಿರುವುದಿಲ್ಲ. ಒಂದು ಮೂಲೆಯಲ್ಲಿ ಒಂದು ಹೂವಿದ್ದರೆ ಸುತ್ತ ಬರೀ ಹೆಂಟೆ. "ಮೇಡಂ, ಒಳ್ಳೇ ಜಾಗ ನೋಡಿ ತೆಗೀರಿ" ಎಂದು ಎಲ್ಲರೂ ಗೋಗರೆಯುತ್ತಾರೆ. ಅದಕ್ಕೇ ನನ್ನದೊಂದು ಕಟ್ಟಳೆ: ಮೊದಲು ದೂರದ ಚಿತ್ರ, ಹೆಂಟೆ ಸಮೇತ. ಹತ್ತಿರದ್ದು ಆಮೇಲೆ. ಬೆನ್ನ ಹಿಂದೆ ಹುಡುಗರು ನನ್ನನ್ನು ಪೊಲೀಸ್ ಮೇಡಂ ಎನ್ನುತ್ತಾರೆಂದು ಗೊತ್ತು, ಬೇಜಾರಿಲ್ಲ.

ಕಳೆದ ವರ್ಷ ರಾಜಾನುಕುಂಟೆಯ ಹುಡುಗಿಯೊಬ್ಬಳು ನಾಲ್ಕು ಪುಡಿ ತಂದಳು. ನಾಲ್ಕೂ ಜಿಂಕ್ ಆಕ್ಸೈಡೇ, ಕಾಯಿಸಿದ ಶಾಖ ಮಾತ್ರ ಬೇರೆ ಬೇರೆ. ಯಾವ ಶಾಖಕ್ಕೆ ಯಾವ ಆಕಾರ ಬರುತ್ತದೆ ಎನ್ನುವುದೇ ಅವಳ ಪಿಎಚ್‌ಡಿ. ಇಂಥವನ್ನು ನಾವು ಒಂದೊಂದಾಗಿ ಇಡುವುದಿಲ್ಲ. ನಾಣ್ಯದಗಲದ ಲೋಹದ ಬಿಲ್ಲೆಯ ಮೇಲೆ ಅಂಟುಪಟ್ಟಿ ಹಾಕಿ ನಾಲ್ಕನ್ನೂ ನಾಲ್ಕು ಕಡೆ ಉದುರಿಸುತ್ತೇವೆ. ಬಿಲ್ಲೆಯ ಅಂಚಿನಲ್ಲಿ ಒಂದು ಗೀರು ಹಾಕಿ, ಅದನ್ನು ಯಂತ್ರದ ಬಾಗಿಲ ಕಡೆಗಿಡುತ್ತೇವೆ. ಗೀರಿನ ಪಕ್ಕದ್ದು ಒಂದನೆಯದು, ಅಲ್ಲಿಂದ ಪ್ರದಕ್ಷಿಣೆ ಬಂದರೆ ಎರಡು, ಮೂರು, ನಾಲ್ಕು.

ಮೊದಲ ದಿನ ಎರಡು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಎರಡರಲ್ಲೂ ಕಡ್ಡಿ ಚೆಲ್ಲಿದಂತಹ ಆಕಾರ, ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಬಿಲ್ಲೆಯನ್ನು ಹೊರಗೆ ತೆಗೆದಿಟ್ಟು ಮರುದಿನ ಮತ್ತೆ ಹಾಕಿದೆ. ಮೂರನೆಯದರ ಜಾಗಕ್ಕೆ ಹೋಗಿ ಸ್ವಲ್ಪ ಸರಿಸಿದ್ದೇ ತಡ, ಪರದೆಯ ತುಂಬ ಒಂದು ಹೂವು. ಎಸಳಿನ ಮೇಲೆ ಎಸಳು, ಒಂದು ಬದಿಯಲ್ಲಿ ಎರಡು ಮುರಿದಿದ್ದವು.

"ಮೇಡಂ, ನಮ್ಮಪ್ಪ ಬೆಳೆಯೋ ಸೇವಂತಿಗೆ ಇಂಗೇ ಇರ್ತೈತೆ!" ಎಂದು ಹುಡುಗಿ ಕುರ್ಚಿಯಿಂದ ಎದ್ದೇಬಿಟ್ಟಳು.

ನನ್ನ ಕೈಯೂ ಒಂದು ಗಳಿಗೆ ನಿಂತಿತು. ಅಷ್ಟು ಚೆಂದದ್ದನ್ನು ಆ ಯಂತ್ರದಲ್ಲಿ ನಾನು ಕಂಡಿರಲಿಲ್ಲ.

ಅವಳು ಆ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಹಳದಿ ಬಣ್ಣ ಹಚ್ಚಿ, ದೊಡ್ಡದಾಗಿ ಪ್ರಿಂಟು ಹಾಕಿಸಿ, ವಿಭಾಗದ ಗೋಡೆಗೆ ತೂಗುಹಾಕಿದಳು. ನೋಡಿದವರೆಲ್ಲ ವಾಹ್ ಎಂದರು. ನನಗೆ ಮಾತ್ರ ದಿನವೂ ಕಾಫಿಗೆ ಹೋಗುವಾಗ ಅದರ ಮುಂದೆ ಕಾಲು ನಿಲ್ಲುತ್ತಿತ್ತು. ಎಲೆಕ್ಟ್ರಾನಿಗೆ ಬಣ್ಣ ಗೊತ್ತಿಲ್ಲ, ಯಂತ್ರದ ಚಿತ್ರವೆಲ್ಲ ಕಪ್ಪು ಬಿಳುಪು. ಬಣ್ಣ ಸೇರಿಸಿದವಳು ಇನ್ನೇನು ಸೇರಿಸಿರಬಹುದು?

ಥೀಸಿಸ್ ಕೊಡಲು ಒಂದು ವಾರವಿದ್ದಾಗ ಕರಡನ್ನು ನನ್ನ ಮೇಜಿನ ಮೇಲಿಟ್ಟು, "ಒಂದ್ಸಲ ನೋಡಿ ಮೇಡಂ" ಎಂದಳು. ಮೂರನೆಯ ಶಾಖದಲ್ಲಿ ಹೂವು ಅರಳುತ್ತದೆ ಎನ್ನುವುದೇ ಅವಳ ಮುಖ್ಯ ಮಾತು. ಎರಡನೆಯ ಪುಡಿಯ ದೂರದ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದೆ. ಮೂಲೆಯಲ್ಲಿ, ಕಡ್ಡಿಗಳ ನಡುವೆ, ಒಂದು ಪುಟ್ಟ ಹೂವು. ಕರಡನ್ನು ಅಡ್ಡ ತಿರುಗಿಸಿದೆ. ಅವೇ ಎರಡು ಮುರಿದ ಎಸಳು.

ನನಗಾದದ್ದು ದುಃಖವಲ್ಲ, ಖುಷಿ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ. ನೇರ ಅವಳ ಗೈಡಿನ ಕೋಣೆಗೆ ಹೋದೆ. "ಸರ್, ಒಂದೇ ಹೂವನ್ನ ತಿರುಗ್ಸಿ ಎರಡು ಪುಡಿ ಅಂತ ತೋರ್ಸಿದಾಳೆ ಈ ಹುಡುಗಿ" ಎಂದೆ.

ಅವರು ಎರಡೂ ಪುಟ ನೋಡಿ ಕನ್ನಡಕ ತೆಗೆದಿಟ್ಟರು. "ಇದು ನಿಜ ಆದ್ರೆ ಪಿಎಚ್‌ಡಿ ಮುಗೀತು ಅಂತಾನೇ. ಕಮಿಟಿಗೆ ಬರೀಬೇಕಾಗುತ್ತೆ."

ಹುಡುಗಿಯನ್ನು ಕರೆಸಿದರು. ಅವಳು ಅಳಲಿಲ್ಲ. ನನ್ನನ್ನೇ ನೋಡುತ್ತಾ, "ನೀವೇ ಕೊಟ್ಟ ಫೈಲುಗಳು ಮೇಡಂ ಅವು. ಆರು ವರ್ಷ ಕಷ್ಟಪಟ್ಟು ನಾನ್ಯಾಕೆ ಇಂಗೆ ಮಾಡ್ಲಿ?" ಎಂದಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ಪ್ರಮಾಣಿಸಿಯೇ ತೋರಿಸುತ್ತೇನೆಂದು ಹಳೆಯ ಬಿಲ್ಲೆಯನ್ನು ಡಬ್ಬಿಯಿಂದ ತೆಗೆದೆ. ಗೀರನ್ನು ಬಾಗಿಲ ಕಡೆಗಿಟ್ಟು ಮೂರನೆಯದಕ್ಕೆ ಹೋದೆ. ಹೆಂಟೆ. ಬರೀ ಹೆಂಟೆ. ಸಿಕ್ಕಿಬಿದ್ದಳು ಎಂದುಕೊಂಡೆ. ಮತ್ತೆ ಎರಡನೆಯದಕ್ಕೆ ಬಂದೆ. ಕಡ್ಡಿಗಳ ನಡುವೆ ಆ ಹೂವು ಹಾಗೇ ಕೂತಿತ್ತು. ಇಡೀ ಎರಡನೆಯ ಪುಡಿಯಲ್ಲಿ ಅಂಥದ್ದು ಅದೊಂದೇ.

ಹಾಗಾದರೆ ಇದರ ಹತ್ತಿರದ ಚಿತ್ರಕ್ಕೆ ಮೂರು ಎಂದು ಹೆಸರು ಕೊಟ್ಟವರು ಯಾರು? ಲ್ಯಾಬಿನ ಪುಸ್ತಕ ತೆಗೆದೆ. ನನ್ನದೇ ಅಕ್ಷರ. ಕರೆಂಟು ಹೋದ ಮರುದಿನ ಬಿಲ್ಲೆಯನ್ನು ಕಾಲು ಸುತ್ತು ತಪ್ಪಾಗಿ ಕೂರಿಸಿದ್ದೆ. ಮೂರರ ಜಾಗಕ್ಕೆ ಎರಡು ಬಂದಿತ್ತು, ನಾಲ್ಕರ ಜಾಗಕ್ಕೆ ಮೂರು. ಹೂವು ಅಡ್ಡ ತಿರುಗಿದ್ದೂ ಅದಕ್ಕೇ. ದೂರದ ಚಿತ್ರ ತೆಗೆದಿದ್ದರೆ ಕಡ್ಡಿಗಳು ಕಂಡು ಆಗಲೇ ಗೊತ್ತಾಗುತ್ತಿತ್ತು. ಆದರೆ ಪುಸ್ತಕದಲ್ಲಿ ಅಂದು ಮೂರನೆಯದರ ಮುಂದೆ 'ದೂರ' ಎನ್ನುವ ಮನೆ ಖಾಲಿ. ಹೂವು ಕಂಡ ಕೂಡಲೇ ನನ್ನ ಕಟ್ಟಳೆಯನ್ನು ನಾನೇ ಮರೆತಿದ್ದೆ.

ಕುಂಬಳಕಾಯಿ ಕಳ್ಳನನ್ನು ಹುಡುಕಲು ಹೊರಟವಳ ಹೆಗಲ ಮೇಲೇ ಬೂದಿ ಇತ್ತು. ಯಾರೂ ನೋಡಿರಲಿಲ್ಲ, ಬಿಲ್ಲೆಯನ್ನು ಬಿಸಾಡಿದರೆ ಕೇಳುವವರಿಲ್ಲ ಎಂಬ ಯೋಚನೆಯೂ ಬಂತು. ಕೊನೆಗೆ ಪುಸ್ತಕ ಹಿಡಿದುಕೊಂಡು ಹೋಗಿ ಗೈಡಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಕಮಿಟಿಗೆ ಯಾರೂ ಬರೆಯಲಿಲ್ಲ. ಆದರೆ ಅವಳ ಮುಖ್ಯ ಅಧ್ಯಾಯವೇ ಬಿದ್ದುಹೋಯಿತು. ಹಳದಿ ಹೂವನ್ನು ಗೋಡೆಯಿಂದ ಅವಳೇ ಇಳಿಸಿದಳು. ನಾನು ಕ್ಷಮಿಸಮ್ಮಾ ಎಂದಾಗ, "ಇರ್ಲಿ ಬಿಡಿ ಮೇಡಂ" ಎಂದಳು, ಅಷ್ಟೆ.

ಎರಡು ತಿಂಗಳ ನಂತರ ಹೊಸ ಪುಡಿಗಳನ್ನು ತಂದಳು. ಬಿಲ್ಲೆಯನ್ನು ಒಳಗಿಡುವಾಗ ಪಕ್ಕಕ್ಕೆ ಬಂದು ನಿಂತು, ಬಾಗಿ, ಗೀರು ಎಲ್ಲಿದೆ ಎಂದು ನೋಡಿದಳು. "ಮೊದಲು ದೂರದ್ದು ತೆಗೀರಿ ಮೇಡಂ" ಎಂದಳು. ನಾಲ್ಕನೆಯ ಪುಡಿಯಲ್ಲಿ ಪರದೆಯ ತುಂಬ ಹೂವುಗಳು ಬಂದವು, ಹಿಂದಿನದಕ್ಕಿಂತ ಚೆಂದದವು. ನಾನೇ ತಡೆಯಲಾರದೆ, "ನೋಡಮ್ಮಾ, ಸೇವಂತಿಗೆ" ಎಂದೆ.

ಅವಳು ಹೂವನ್ನು ನೋಡಲಿಲ್ಲ. ನಾನು ಫೈಲಿಗೆ ಯಾವ ಅಂಕಿ ಟೈಪ್ ಮಾಡುತ್ತೇನೆಂದು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು.